ಆನೆಯ ನಾಲ್ಕು ಕಾಲು, ಕಾರಿನ ನಾಲ್ಕು ಚಕ್ರ

ಚಾಮರಾಜನಗರದ ಸೀಮೆಗೂ ಆನೆಗೂ ನಂಟು ಹಳೆಯದು. 1874ರಲ್ಲಿ ಜಿ. ಪಿ. ಸ್ಯಾಂಡರ್‌ಸನ್ ಎಂಬ ಆಂಗ್ಲ ಅಧಿಕಾರಿ ಮೈಸೂರು ಸಂಸ್ಥಾನದಲ್ಲಿ ತನ್ನ ಮೊದಲ ಖೆಡ್ಡಾವನ್ನು ಗೆದ್ದು ಕಾಡಾನೆಗಳ ಹಿಂಡನ್ನು ಹಿಡಿದದ್ದು ಈ ಊರಿನ ಸಮೀಪದಲ್ಲಿಯೇ. ಖೆಡ್ಡಾದ ಕಾಲ ಮುಗಿಯಿತು. ಆನೆ ಮಾತ್ರ ಉಳಿದಿದೆ. ಬಿಳಿಗಿರಿರಂಗನ ಬೆಟ್ಟದ ಕಣಿವೆಗಳಲ್ಲಿ, ಬಂಡೀಪುರದ ಕಾಡಿನಲ್ಲಿ, ಗುಂಡ್ಲುಪೇಟೆಯ ಕಾಡಂಚಿನ ಹೊಲಗಳಲ್ಲಿ ಅದರ ಹೆಜ್ಜೆ ಇಂದಿಗೂ ಕಾಣುತ್ತದೆ. ಅಷ್ಟು ಭಾರದ ಪ್ರಾಣಿ ಮಳೆಗಾಲದ ಜಾರು ಮಣ್ಣಿನಲ್ಲಿ ಬೆಟ್ಟವನ್ನು ಏರುತ್ತದೆ, ಏರಿದಷ್ಟೇ ನಿಶ್ಚಿಂತೆಯಿಂದ ಇಳಿಯುತ್ತದೆ. ಏರುವುದರ ಗುಟ್ಟು ಬಲದಲ್ಲಿದೆ ಎಂದು ಯಾರಾದರೂ ಹೇಳಿಯಾರು. ಇಳಿಯುವುದರ ಗುಟ್ಟು ಎಲ್ಲಿದೆ?

ಇದಕ್ಕೆ ಉತ್ತರ ದೊರೆತದ್ದು 2010ರಲ್ಲಿ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಸಂಶೋಧಕರು ಥಾಯ್ಲೆಂಡಿನ ಎಳೆಯ ಆನೆಗಳನ್ನು ಬಲ ಅಳೆಯುವ ಹಲಗೆಗಳ ಮೇಲೆ ನಡೆಸಿ, ಓಡಿಸಿ, ಒಂದೊಂದು ಕಾಲೂ ನೆಲವನ್ನು ಹೇಗೆ ಒತ್ತುತ್ತದೆ ಎಂಬುದನ್ನು ಗುರುತಿಸಿದರು. ಕುದುರೆ, ನಾಯಿ ಮುಂತಾದ ನಾಲ್ಕು ಕಾಲಿನ ಪ್ರಾಣಿಗಳಲ್ಲಿ ಕೆಲಸ ಹಂಚಿಹೋಗಿರುತ್ತದೆ: ಹಿಂಗಾಲು ಹೆಚ್ಚಾಗಿ ದೇಹವನ್ನು ಮುಂದೆ ನೂಕುತ್ತದೆ, ಮುಂಗಾಲು ಹೆಚ್ಚಾಗಿ ತಡೆಯುತ್ತದೆ. ಆನೆಯಲ್ಲಿ ಈ ಹಂಚಿಕೆ ಇಲ್ಲ. ಅದರ ನಾಲ್ಕು ಕಾಲುಗಳಲ್ಲಿ ಪ್ರತಿಯೊಂದೂ ನೂಕುತ್ತದೆ, ಪ್ರತಿಯೊಂದೂ ತಡೆಯುತ್ತದೆ. ಸಂಶೋಧಕರು ಇದಕ್ಕೆ ಕೊಟ್ಟ ಹೋಲಿಕೆ, ನಾಲ್ಕು ಚಕ್ರಗಳಿಗೂ ಬಲವುಳ್ಳ ಮೋಟಾರು ವಾಹನದ್ದು.

ಹೋಲಿಕೆ ಸೊಗಸಾಗಿದೆ. ಆದರೆ ಮೋಟಾರು ವಾಹನ ಆನೆಯ ಈ ಗುಣವನ್ನು ನಿಜವಾಗಿ ಪಡೆದಿದೆಯೆ ಎಂಬುದು ಕೇಳಬೇಕಾದ ಪ್ರಶ್ನೆ. ಹಳೆಯ ಕಾರನ್ನೋ ಜೀಪನ್ನೋ ಕೊಂಡು, ಅದರ ನಾಲ್ಕು ಚಕ್ರಗಳಿಗೂ ಬಲ ಕೊಡಿಸಿ ಬೆಟ್ಟ ಹತ್ತಬೇಕೆಂಬ ಉತ್ಸಾಹ ಇಂದಿನ ತರುಣರಲ್ಲಿ ಸಾಕಷ್ಟಿದೆ. ಅಂಥವರ ತಂದೆತಾಯಿಗಳಾದರೂ ಈ ಪ್ರಶ್ನೆಯನ್ನು ಒಮ್ಮೆ ಯೋಚಿಸುವುದು ಒಳ್ಳೆಯದು.

ಜಟ್ಟಿ ಕಾರುಗಳ ಕಾಲ

1960ರ ದಶಕದಲ್ಲಿ ಅಮೆರಿಕದ ಕಾರ್ಖಾನೆಗಳು ಒಂದು ಹೊಸ ಬಗೆಯ ಕಾರನ್ನು ತಯಾರಿಸತೊಡಗಿದವು. ಮೈಕಟ್ಟು ಸಾಧಾರಣ ಗಾತ್ರದ್ದು. ಒಳಗೆ ಇಟ್ಟ ಇಂಜಿನು ಮಾತ್ರ ಎಂಟು ಸಿಲಿಂಡರುಗಳ ಭಾರಿ ಇಂಜಿನು. 1964ರ ಪಾಂಟಿಯಾಕ್ ಜಿಟಿಓ ಈ ಕುಲಕ್ಕೆ ಹಿರಿಯದೆಂದು ಎಣಿಕೆ. ಅದೇ ವರ್ಷದ ಏಪ್ರಿಲಿನಲ್ಲಿ ಫೋರ್ಡ್ ಸಂಸ್ಥೆಯ ಮಸ್ಟಾಂಗ್ ಹೊರಬಂದಿತು. ಇಂತಹ ಕಾರುಗಳಿಗೆ ‘ಮಸಲ್ ಕಾರು’ ಎಂಬ ಹೆಸರು ನಿಂತಿದೆ. ಮೈಸೂರಿನ ಗರಡಿಮನೆಗಳನ್ನು ಬಲ್ಲವರು ಇವನ್ನು ಜಟ್ಟಿ ಕಾರುಗಳೆಂದು ಕರೆದರೆ ತಪ್ಪಿಲ್ಲ.

ಜಟ್ಟಿಯ ತೋಳಿನಲ್ಲಿ ಬಲವಿದ್ದರೆ ಸಾಲದು, ಕಾಲು ಮಣ್ಣಿನಲ್ಲಿ ನೆಲೆನಿಲ್ಲಬೇಕು. ಈ ಕಾರುಗಳ ಇಂಜಿನು ಮುಂದಿತ್ತು, ಭಾರವೂ ಹೆಚ್ಚಾಗಿ ಮುಂದಿತ್ತು. ಬಲ ಹೋಗುತ್ತಿದ್ದುದು ಹಿಂದಿನ ಎರಡು ಚಕ್ರಗಳಿಗೆ. ಒಣ ರಸ್ತೆಯಲ್ಲಿ ಅವು ಬಾಣದಂತೆ ಓಡುತ್ತಿದ್ದವು. ಮಳೆ ಬಂದು ರಸ್ತೆ ನೆನೆದರೆ ಹಗುರವಾದ ಹಿಂಭಾಗದ ಚಕ್ರಗಳು ಇದ್ದಲ್ಲೇ ಗಿರ್ರನೆ ತಿರುಗಿ, ಕಾರು ಅಡ್ಡ ತಿರುಗಿ ನಿಲ್ಲುತ್ತಿತ್ತು. ಟೈರು ನೆಲವನ್ನು ಹಿಡಿಯುವ ಶಕ್ತಿಗೆ ಒಂದು ಮಿತಿಯಿದೆ. ಆ ಮಿತಿಯನ್ನು ಮೀರಿ ಇಂಜಿನು ಎಷ್ಟು ಬಲ ಕೊಟ್ಟರೂ ಅದು ಚಕ್ರವನ್ನು ತಿರುಗಿಸೀತೇ ಹೊರತು ಕಾರನ್ನು ಮುಂದೂಡಲಾರದು. ಎರಡು ಚಕ್ರಗಳು ಹೊರಲಾರದ ಬಲವನ್ನು ನಾಲ್ಕಕ್ಕೆ ಹಂಚಿದರೆ ಒಂದೊಂದರ ಪಾಲು ಕಡಮೆಯಾಗುತ್ತದೆ, ಟೈರು ಜಾರುವುದಿಲ್ಲ. ನಾಲ್ಕು ಚಕ್ರದ ಎಳೆತದ ತತ್ವವೆಲ್ಲ ಇಷ್ಟೇ. ತತ್ವವೇನೂ ಹೊಸದಲ್ಲ, ಹಾಲೆಂಡಿನ ಸ್ಪೈಕರ್ ಸಂಸ್ಥೆ 1903ರಲ್ಲಿಯೇ ನಾಲ್ಕು ಚಕ್ರಗಳಿಗೂ ಬಲವುಳ್ಳ ಪೆಟ್ರೋಲ್ ಕಾರನ್ನು ತಯಾರಿಸಿತ್ತು.

ಟ್ರಾಕ್ಟರಿನ ಹೆಸರು, ಮಸ್ಟಾಂಗಿನ ಮೈ

ಗುಂಡ್ಲುಪೇಟೆಯ ಸುತ್ತಿನ ಹೊಲಗಳಲ್ಲಿ ಉಳುವ ಟ್ರಾಕ್ಟರುಗಳಲ್ಲಿ ಕೆಲವುಗಳ ಮೂತಿಯ ಮೇಲೆ ‘ಮ್ಯಾಸೀ ಫರ್ಗುಸನ್’ ಎಂಬ ಹೆಸರು ಕಾಣುತ್ತದೆ. 1960ರಲ್ಲಿ ಮದರಾಸಿನಲ್ಲಿ ಆರಂಭವಾದ ಟ್ಯಾಫೆ ಸಂಸ್ಥೆ ಈ ಟ್ರಾಕ್ಟರುಗಳನ್ನು ನಮ್ಮ ದೇಶದಲ್ಲಿ ತಯಾರಿಸುತ್ತ ಬಂದಿದೆ. ಆ ಹೆಸರಿನ ಹ್ಯಾರಿ ಫರ್ಗುಸನ್ ಐರ್ಲೆಂಡಿನ ರೈತ ಮನೆತನದವನು. 1909ರ ಡಿಸೆಂಬರ್ 31ರಂದು ತಾನೇ ಕಟ್ಟಿದ ವಿಮಾನದಲ್ಲಿ ಹಾರಿ, ಐರ್ಲೆಂಡಿನ ನೆಲದಿಂದ ಮೇಲೇರಿದ ಮೊದಲಿಗನೆನಿಸಿದನು. ಅನಂತರ ನೇಗಿಲನ್ನು ಟ್ರಾಕ್ಟರಿಗೆ ಮೂರು ಕಡೆ ಬಿಗಿದು ಎತ್ತಿ ಇಳಿಸುವ ಏರ್ಪಾಟನ್ನು ರೂಪಿಸಿದನು. ಇಂದು ಟ್ರಾಕ್ಟರುಗಳ ಹಿಂದೆ ಕಾಣುವುದು ಅದೇ ಏರ್ಪಾಟು.

ಬಾಳಿನ ಕೊನೆಯ ವರ್ಷಗಳಲ್ಲಿ ಅವನ ಮನಸ್ಸು ಕಾರಿನ ಕಡೆಗೆ ತಿರುಗಿತು. ರಸ್ತೆಯಲ್ಲಿ ಓಡುವ ಸಾಮಾನ್ಯ ಕಾರುಗಳಿಗೂ ನಾಲ್ಕು ಚಕ್ರಗಳಲ್ಲಿ ಎಳೆತವಿರಬೇಕು ಎಂಬುದು ಅವನ ವಾದ. ಕೆಸರು ದಾಟುವುದಾಗಲಿ ಬೆಟ್ಟ ಹತ್ತುವುದಾಗಲಿ ಅವನ ಮುಖ್ಯ ಗುರಿಯಲ್ಲ. ಒದ್ದೆ ರಸ್ತೆಯಲ್ಲಿ ಕಾರು ಜಾರಬಾರದು, ಮನೆಯವರು ಸುರಕ್ಷಿತವಾಗಿ ಊರು ಸೇರಬೇಕು ಎಂಬುದೇ ಗುರಿ. ಅವನು 1960ರಲ್ಲಿ ತೀರಿಕೊಂಡನು. ಮರುವರ್ಷ ಅವನ ಸಂಸ್ಥೆಯ ಪಿ99 ಎಂಬ ನಾಲ್ಕು ಚಕ್ರದ ಎಳೆತದ ಪಂದ್ಯದ ಕಾರು ಸ್ಟರ್ಲಿಂಗ್ ಮಾಸ್‌ನ ಕೈಯಲ್ಲಿ ಇಂಗ್ಲೆಂಡಿನ ಔಲ್ಟನ್ ಪಾರ್ಕ್ ಚಿನ್ನದ ಕಪ್ಪನ್ನು ಗೆದ್ದಿತು.

ಆ ಸಂಸ್ಥೆಯವರು ಜಟ್ಟಿ ಕಾರಿಗೆ ಕೈ ಹಾಕಿದ್ದು ಇದಾದ ಮೇಲೆ. 1965ರ ಮಾದರಿಯ ಮಸ್ಟಾಂಗನ್ನು ಇಂಗ್ಲೆಂಡಿನಲ್ಲಿ ಬಿಚ್ಚಿ, ಅದರ ನಾಲ್ಕು ಚಕ್ರಗಳಿಗೂ ಬಲ ಹೋಗುವಂತೆ ಮಾರ್ಪಡಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ವಿಮಾನಗಳಿಗೆಂದು ಡನ್‌ಲಪ್ ಸಂಸ್ಥೆ ರೂಪಿಸಿದ್ದ ಮ್ಯಾಕ್ಸರೆಟ್ ಎಂಬ ಬ್ರೇಕಿನ ಸಾಧನವನ್ನೂ ಜೊತೆಗೆ ಜೋಡಿಸಿದರು. ಬ್ರೇಕನ್ನು ಜೋರಾಗಿ ತುಳಿದಾಗ ಚಕ್ರ ಕಚ್ಚಿಕೊಂಡು ಜಾರತೊಡಗುತ್ತದೆಯಲ್ಲವೆ, ಆ ಕ್ಷಣದಲ್ಲಿ ಬ್ರೇಕನ್ನು ತುಸು ಸಡಿಲಿಸಿ ಮತ್ತೆ ಬಿಗಿಯುವುದು ಅದರ ಕೆಲಸ. ನಾಲ್ಕು ಚಕ್ರಗಳೂ ಒಂದಕ್ಕೊಂದು ಹೆಣೆದುಕೊಂಡಿದ್ದುದರಿಂದ, ಚಕ್ರಕ್ಕೊಂದು ಸಾಧನ ಬೇಕಾಗಲಿಲ್ಲ. ನಡುವೆ ಕುಳಿತ ಒಂದೇ ಕಾವಲುಗಾರ ನಾಲ್ಕನ್ನೂ ನೋಡಿಕೊಂಡನು. ನೂಕುವ ಕೆಲಸವನ್ನೂ ತಡೆಯುವ ಕೆಲಸವನ್ನೂ ಒಂದೇ ಏರ್ಪಾಟಿನ ಎರಡು ಮುಖಗಳೆಂದು ಭಾವಿಸಿದವರು ಫರ್ಗುಸನ್ ಸಂಸ್ಥೆಯವರು. ಆನೆಯ ಕಾಲಿನ ಗುಟ್ಟು ಬಯಲಾಗುವುದಕ್ಕೆ ನಲವತ್ತೈದು ವರ್ಷ ಮುಂಚೆಯೇ ಅವರು ಅದರ ಹತ್ತಿರಕ್ಕೆ ಬಂದಿದ್ದರು.

ಫೋರ್ಡ್ ಸಂಸ್ಥೆ ಆ ಮಸ್ಟಾಂಗನ್ನು ಮಾರಾಟಕ್ಕೆ ತಯಾರಿಸಲಿಲ್ಲ. 1966ರಲ್ಲಿ ಇಂಗ್ಲೆಂಡಿನ ಜೆನ್‌ಸನ್ ಸಂಸ್ಥೆ ಇದೇ ವಿಧಾನವನ್ನು ತನ್ನ ಎಫ್‌ಎಫ್ ಎಂಬ ಕಾರಿನಲ್ಲಿ ಬಳಸಿತು. ಇಂಜಿನಿನ ಬಲದಲ್ಲಿ ನೂರಕ್ಕೆ 37 ಪಾಲು ಮುಂದಿನ ಚಕ್ರಗಳಿಗೆ, 63 ಪಾಲು ಹಿಂದಿನವಕ್ಕೆ. ಮುಂದಿನ ಚಕ್ರಗಳಿಗೆ ಬಲ ಒಯ್ಯುವ ಸಾಮಗ್ರಿಗೆ ಜಾಗ ಸಾಲದೆ ಕಾರನ್ನು ಸುಮಾರು 10 ಸೆಂಟಿಮೀಟರು ಉದ್ದ ಮಾಡಬೇಕಾಯಿತು. ಆ ಸಾಮಗ್ರಿ ಎಡಬದಿಯಲ್ಲಿ ಕುಳಿತುದರಿಂದ ಸ್ಟೀರಿಂಗನ್ನು ಎಡಕ್ಕೆ ತರಲು ಎಡೆಯೇ ಉಳಿಯಲಿಲ್ಲ. ಹೀಗಾಗಿ ಬಲಕ್ಕೆ ಸಂಚರಿಸುವ ಅಮೆರಿಕದಂತಹ ದೇಶಗಳ ಮಾರುಕಟ್ಟೆಗೆ ಕಾರು ಸಲ್ಲಲಿಲ್ಲ. 1971ರ ವೇಳೆಗೆ 320 ಕಾರುಗಳಾದ ಮೇಲೆ ಕೆಲಸ ನಿಂತಿತು. ಕಾರ್ಖಾನೆಯವರಿಗೇ ಇಷ್ಟು ತೊಡಕೊಡ್ಡಿದ ಕೆಲಸ ಇದು.

ಕಣದ ಎತ್ತುಗಳು

ತೊಡಕು ಎಲ್ಲಿದೆ ಎಂಬುದನ್ನು ಅರಿಯಲು ಕಣದಲ್ಲಿ ತೆನೆ ತುಳಿಯುವ ಎತ್ತುಗಳನ್ನು ನೆನೆದರೆ ಸಾಕು. ಮೇಟಿಗೆ ಕಟ್ಟಿದ ಎತ್ತುಗಳು ಸಾಲಾಗಿ ಸುತ್ತು ಬರುವಾಗ, ಮೇಟಿಯ ಪಕ್ಕದ ಎತ್ತು ನಿಧಾನವಾಗಿ ಹೆಜ್ಜೆ ಹಾಕುತ್ತದೆ. ಹೊರಗಡೆಯ ಎತ್ತು ಅದೇ ಹೊತ್ತಿನಲ್ಲಿ ಹೆಚ್ಚು ದೂರ ನಡೆಯಬೇಕು. ಎರಡನ್ನೂ ಒಂದೇ ವೇಗಕ್ಕೆ ಬಿಗಿದರೆ ಒಂದು ಇನ್ನೊಂದನ್ನು ಎಳೆದಾಡೀತು. ಕಾರು ತಿರುವಿನಲ್ಲಿ ತಿರುಗುವಾಗಲೂ ಹೀಗೆಯೇ. ಒಳಬದಿಯ ಚಕ್ರ ಕಡಮೆ ದೂರ, ಹೊರಬದಿಯ ಚಕ್ರ ಹೆಚ್ಚು ದೂರ ಓಡುತ್ತದೆ. ಈ ವ್ಯತ್ಯಾಸಕ್ಕೆ ಎಡೆಗೊಡುವ ಹಲ್ಲುಚಕ್ರಗಳ ಗುಂಪಿಗೆ ಡಿಫರೆನ್ಷಿಯಲ್ ಎಂದು ಹೆಸರು. ಎರಡು ಚಕ್ರದ ಎಳೆತಕ್ಕೆ ಇದು ಒಂದಿದ್ದರೆ ಸಾಕು.

ನಾಲ್ಕು ಚಕ್ರದ ಎಳೆತದಲ್ಲಿ ಹಿಂದಿನ ಅಚ್ಚಿಗೆ ಒಂದು, ಮುಂದಿನ ಅಚ್ಚಿಗೆ ಒಂದು ಬೇಕು. ಇಷ್ಟೂ ಅಲ್ಲದೆ, ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ಸುತ್ತನ್ನು ಬಳಸುತ್ತವೆಯಾದುದರಿಂದ ಎರಡು ಅಚ್ಚುಗಳ ನಡುವೆ ಮೂರನೆಯದೂ ಬೇಕು. ಫರ್ಗುಸನ್ ವಿಧಾನದಲ್ಲಿ ಈ ಮೂರನೆಯದು ಇತ್ತು. 1941ರಿಂದ ಯುದ್ಧಕ್ಕೆಂದು ತಯಾರಾದ ವಿಲ್ಲಿಸ್ ಜೀಪಿನಲ್ಲಿ ಇದು ಇರಲಿಲ್ಲ. ಅದೇ ವಂಶಕ್ಕೆ ಸೇರಿದ ನಮ್ಮ ಮಹೀಂದ್ರ ಜೀಪುಗಳಲ್ಲಿಯೂ ಇಲ್ಲ. ಅವುಗಳಲ್ಲಿ ಸಾಮಾನ್ಯ ರಸ್ತೆಯಲ್ಲಿ ಹಿಂದಿನ ಚಕ್ರಗಳು ಮಾತ್ರ ಎಳೆಯುತ್ತವೆ. ಕೆಸರು, ಮರಳು, ಹಳ್ಳ ಬಂದಾಗ ಡ್ರೈವರು ಒಂದು ಸಣ್ಣ ಹಿಡಿಯನ್ನು ಎಳೆದು ಮುಂದಿನ ಅಚ್ಚನ್ನೂ ಸೇರಿಸುತ್ತಾನೆ. ಕೆಸರಿನಲ್ಲಿ ಟೈರು ತುಸು ಜಾರಿ ದೂರದ ವ್ಯತ್ಯಾಸವನ್ನು ಸರಿತೂಗಿಸುತ್ತದೆ. ಒಣಗಿದ ಟಾರು ರಸ್ತೆಯಲ್ಲಿ ಜಾರಲು ಎಡೆಯಿಲ್ಲ. ಮುಂದಿನ ಅಚ್ಚೂ ಹಿಂದಿನ ಅಚ್ಚೂ ಒಂದರೊಡನೊಂದು ಸೆಣಸಿ ಟೈರು ಸವೆಯುತ್ತದೆ, ಸ್ಟೀರಿಂಗು ಬಿಗಿಯಾಗುತ್ತದೆ, ಹಲ್ಲುಚಕ್ರ ಮುರಿಯುವುದೂ ಉಂಟು.

ಗುಂಡ್ಲುಪೇಟೆಯ ಗ್ಯಾರೇಜಿನಲ್ಲಿ

ಈಗ, ಹಿಂದಿನ ಚಕ್ರಗಳಿಗೆ ಮಾತ್ರ ಬಲವುಳ್ಳ ಹಳೆಯ ಜೀಪೊಂದನ್ನು ಕೊಂಡ ತರುಣನೊಬ್ಬ ಗುಂಡ್ಲುಪೇಟೆಯ ಗ್ಯಾರೇಜಿಗೆ ಬಂದನೆನ್ನಿ.

“ಮೇಸ್ತ್ರಿಗಳೇ, ಇದರ ಮುಂದಿನ ಚಕ್ರಕ್ಕೂ ಎಳೆತ ಕೊಡಿಸಬೇಕು, ಆಗುತ್ತದೆಯೆ?”

“ಆಗದೆ ಏನು ಸಾರ್? ಮುಂದಿನ ಹೌಸಿಂಗು, ಟ್ರಾನ್ಸ್‌ಫರ್ ಕೇಸು, ಇನ್ನೊಂದು ಶಾಫ್ಟು, ಇಷ್ಟು ಸಿಕ್ಕಿದರೆ ಕೂರಿಸಬಹುದು. ಹತ್ತುವುದಕ್ಕೆ ನಾನು ಮಾಡಿಕೊಡುತ್ತೇನೆ. ಇಳಿಯುವುದಕ್ಕೆ ನೀವು ಏನು ಮಾಡುತ್ತೀರಿ?”

ಅನುಭವಸ್ಥ ಮೇಸ್ತ್ರಿ ಕೇಳುವ ಪ್ರಶ್ನೆ ಇದು. ಜೋಡಿಸುವ ಕೆಲಸದಲ್ಲಿಯೇ ಎಚ್ಚರ ಬೇಕಾದ ಸಂಗತಿಗಳು ಹಲವಿವೆ. ಎರಡು ಅಚ್ಚುಗಳ ಕ್ರೌನ್ ಪಿನಿಯನ್ನಿನ ಪ್ರಮಾಣ ಒಂದೇ ಆಗಿರಬೇಕು. ಯುದ್ಧಕಾಲದ ವಿಲ್ಲಿಸ್ ಜೀಪಿನದು 4.88, ಆಮೇಲೆ ಬಂದ ಸಿಜೆ-3ಬಿ ಜೀಪಿನದು 5.38. ಅಂದರೆ ಶಾಫ್ಟು ಅಷ್ಟು ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. ಗುಜರಿಯಲ್ಲಿ ಸಿಕ್ಕಿತೆಂದು ಒಂದರ ಮುಂಭಾಗವನ್ನು ಇನ್ನೊಂದರ ಹಿಂಭಾಗಕ್ಕೆ ಜೋಡಿಸಿದರೆ, ನೆಟ್ಟನೆಯ ದಾರಿಯಲ್ಲಿಯೂ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಜಗಳ ತಪ್ಪದು. ನಾಲ್ಕು ಟೈರುಗಳೂ ಒಂದೇ ಅಳತೆಯವಾಗಿರಬೇಕೆಂಬುದೂ ಇದೇ ಕಾರಣಕ್ಕೆ. ಜೀಪಿನ ಮೈ ಎತ್ತರವಾದುದರಿಂದ ಅಡಿಯಲ್ಲಿ ಅಚ್ಚಿಗೆ ಜಾಗವಾದರೂ ಇದೆ. ನೆಲಕ್ಕೆ ತಗ್ಗಾಗಿ ಕುಳಿತ ಹಳೆಯ ಕಾರುಗಳಲ್ಲಿ ಮುಂದಿನ ಅಚ್ಚು ಹಾಯಬೇಕಾದ ಜಾಗದಲ್ಲಿ ಇಂಜಿನಿನ ಎಣ್ಣೆಯ ತೊಟ್ಟಿಯೇ ಕುಳಿತಿರುತ್ತದೆ. ಇಂಜಿನನ್ನು ಎತ್ತಬೇಕು, ಇಲ್ಲವೆ ತೊಟ್ಟಿಯ ಆಕಾರವನ್ನು ಬದಲಿಸಬೇಕು. ಗೇರ್‌ಬಾಕ್ಸಿನ ಪಕ್ಕದಲ್ಲಿ ನೆಲದ ತಗಡನ್ನು ಕತ್ತರಿಸಬೇಕು. ಮುಂದಿನ ಚಕ್ರಗಳ ತೂಗುಕಟ್ಟನ್ನೇ ಹೊಸದಾಗಿ ಕಟ್ಟಬೇಕು. ಮುಂದಿನ ಚಕ್ರ ಬಲವನ್ನೂ ಪಡೆಯಬೇಕು, ಎಡಬಲಕ್ಕೂ ತಿರುಗಬೇಕು. ಅದಕ್ಕೆ ಬಾಗುವ ಕೀಲುಗಳು ಬೇಕು. ಹೀಗೆ ಒಂದನ್ನು ಸರಿಮಾಡಹೋಗಿ ಹತ್ತನ್ನು ಮುಟ್ಟಬೇಕಾಗುತ್ತದೆ.

ಇಳಿಜಾರಿನ ಲೆಕ್ಕ

ಮೇಸ್ತ್ರಿಯ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಈ ಜಿಲ್ಲೆಯಿಂದ ಹೊರಡುವ ದಾರಿಗಳನ್ನು ನೋಡಿ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವವರು ದಿಂಬಂ ಘಟ್ಟದ 27 ಕಡಿದಾದ ತಿರುವುಗಳನ್ನು ಇಳಿಯಬೇಕು. ಗುಂಡ್ಲುಪೇಟೆಯಿಂದ ಬಂಡೀಪುರದ ಮಾರ್ಗವಾಗಿ ಊಟಿಗೆ ಹೋಗುವವರು ಮಸಿನಗುಡಿಯ ಹತ್ತಿರದ ದಾರಿ ಹಿಡಿದರೆ ಕಲ್ಲಹಟ್ಟಿ ಘಟ್ಟದ 36 ತಿರುವುಗಳನ್ನು ಏರಬೇಕು. ಏರಿದವರು ಮರಳುವಾಗ ಅದೇ ದಾರಿಯಲ್ಲಿ ಇಳಿದು, ಬ್ರೇಕು ಕಾದು ಹಿಡಿಯದೆ ಅಪಘಾತಕ್ಕೆ ಸಿಕ್ಕಿದ ನಿದರ್ಶನಗಳಿವೆ. ಆ ಕಾರಣಕ್ಕೆ ಹೊರಗಿನ ವಾಹನಗಳು ಅಲ್ಲಿ ಇಳಿಯದಂತೆ ನಿರ್ಬಂಧ ಹಾಕಿದ್ದುಂಟು. ಏರಲು ಅಷ್ಟು ತಡೆಯಿಲ್ಲ, ಇಳಿಯಲು ತಡೆ. ಅಪಾಯ ಎತ್ತ ಕಡೆ ಇದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಬೇಕಾಗಿಲ್ಲ.

ಲೆಕ್ಕವನ್ನೂ ಹಾಕಿ ನೋಡಬಹುದು. ಮನೆಮಂದಿಯೂ ಸಾಮಾನೂ ಸೇರಿ 1,500 ಕಿಲೋಗ್ರಾಂ ತೂಗುವ ವಾಹನವೊಂದು 1,000 ಮೀಟರು ಎತ್ತರದಿಂದ ಇಳಿಯುತ್ತದೆಂದು ಇಟ್ಟುಕೊಳ್ಳೋಣ. ಆ ಇಳಿತದ ಶಕ್ತಿಯನ್ನೆಲ್ಲ ಬ್ರೇಕೊಂದೇ ತಡೆದರೆ, ಅದರಿಂದ ಹುಟ್ಟುವ ಕಾವು ಸುಮಾರು 44 ಲೀಟರು ತಣ್ಣೀರನ್ನು ಕುದಿಸಲು ಸಾಕು. ಬಚ್ಚಲುಮನೆಯ ಹಂಡೆಯನ್ನು ಕಾಯಿಸುವಷ್ಟು ಬೆಂಕಿಯನ್ನು ಅಂಗೈಯಗಲದ ಬ್ರೇಕಿನ ಪಟ್ಟಿಗಳು ನುಂಗಬೇಕು. ಕಾದ ಪಟ್ಟಿ ಹಿಡಿತ ಕಳೆದುಕೊಳ್ಳುತ್ತದೆ. ಪೆಡಲನ್ನು ತುಳಿದರೂ ವಾಹನ ನಿಲ್ಲುವುದಿಲ್ಲ.

ನಾಲ್ಕು ಚಕ್ರದ ಎಳೆತ ಇಲ್ಲಿ ನೆರವಿಗೆ ಬರುತ್ತದೆಯೆ? ಹೆಚ್ಚಾಗಿ ಇಲ್ಲ. ಎರಡು ಚಕ್ರದ ಎಳೆತವಿರುವ ವಾಹನಕ್ಕೂ ಬ್ರೇಕು ಇರುವುದು ನಾಲ್ಕು ಚಕ್ರಗಳಿಗೇ. ಎಳೆತ ಕೂಡಿಸಿದ ಮಾತ್ರಕ್ಕೆ ಬ್ರೇಕಿನ ಬಲ ಕೂಡುವುದಿಲ್ಲ. ಹೊಸದಾಗಿ ಸೇರಿದ ಉಕ್ಕಿನ ಭಾರದಿಂದ ಅದರ ಹೊರೆಯೇ ಕೂಡುತ್ತದೆ. ಇನ್ನೊಂದು ಅಪಾಯ ಮನಸ್ಸಿನದು. ನೆನೆದ ರಸ್ತೆಯಲ್ಲಿ ಎರಡು ಚಕ್ರದ ವಾಹನ ಏರುವಾಗಲೇ ಜಾರಿ ಡ್ರೈವರಿಗೆ ಎಚ್ಚರಿಕೆ ಕೊಡುತ್ತದೆ. ನಾಲ್ಕು ಚಕ್ರದ್ದು ಜಾರದೆ ಏರಿಬಿಡುತ್ತದೆ. ರಸ್ತೆ ಎಷ್ಟು ನುಣುಪಾಗಿದೆ ಎಂಬುದು ಅವನಿಗೆ ತಿಳಿಯುವುದು ಬ್ರೇಕು ತುಳಿದಾಗಲೇ. ಫರ್ಗುಸನ್ ಸಂಸ್ಥೆಯವರು ಎಳೆತದ ಜೊತೆಗೆ ಬ್ರೇಕಿನ ಕಾವಲನ್ನೂ ಇಟ್ಟದ್ದರ ವಿವೇಕ ಇಲ್ಲಿ ತೋರುತ್ತದೆ. ಹಳೆಯ ಜೀಪಿನಲ್ಲಿ ಆ ಕಾವಲಿಲ್ಲ. ಅಲ್ಲಿ ಉಳಿಯುವ ಉಪಾಯ ಹಳೆಯದು, ಉಚಿತವಾದದ್ದು: ಯಾವ ಗೇರಿನಲ್ಲಿ ಏರುವಿರೋ ಅದೇ ಗೇರಿನಲ್ಲಿ ಇಳಿಯಬೇಕು, ತಡೆಯುವ ಕೆಲಸದಲ್ಲಿ ಇಂಜಿನಿಗೂ ಪಾಲು ಕೊಡಬೇಕು.

ಕಾಯಿದೆಯ ಮಾತು

ಇಷ್ಟಾದ ಮೇಲೂ ಮಾರ್ಪಾಟಿನ ಆಸೆ ಹೋಗದಿದ್ದರೆ ಕಾಯಿದೆಯನ್ನು ಕೇಳಬೇಕು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ಗೊತ್ತುಪಡಿಸಿದ ವಿವರಗಳಿಗೂ ನೋಂದಣಿ ಪತ್ರದಲ್ಲಿರುವ ವಿವರಗಳಿಗೂ ವ್ಯತ್ಯಾಸ ಬರುವಂತೆ ಮಾಲೀಕರು ವಾಹನವನ್ನು ಬದಲಿಸಕೂಡದು. ಅಂಗವಿಕಲರ ಅನುಕೂಲಕ್ಕಾಗಿ ಮಾಡುವಂತಹ ಕೆಲವು ಬದಲಾವಣೆಗಳಿಗೆ ಮಾತ್ರ ವಿನಾಯಿತಿಯುಂಟು. ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಈ ನಿಯಮವನ್ನು ಎತ್ತಿಹಿಡಿಯಿತು. ಆದುದರಿಂದ ಕೆಎ-10 ಎಂಬ ಚಾಮರಾಜನಗರದ ಸಂಖ್ಯೆ ಹೊತ್ತ ಜೀಪಾಗಲಿ ಬೇರೆ ಊರಿನದಾಗಲಿ, ಅಚ್ಚು ಬದಲಿಸುವ ಮೊದಲು ಸಾರಿಗೆ ಕಚೇರಿಯ ಮೆಟ್ಟಿಲು ಹತ್ತಿ ವಿಚಾರಿಸುವುದು ಅಗತ್ಯ. ವಿಮೆಯ ಮಾತೂ ಅದರೊಡನೆ ಸೇರಿದೆ. ತಯಾರಕರೇ ನಾಲ್ಕು ಚಕ್ರಕ್ಕೆ ಎಳೆತ ಕೊಟ್ಟು ಕಳುಹಿಸಿದ ಹಳೆಯ ಜೀಪುಗಳೂ ಜಿಪ್ಸಿಗಳೂ ಕೈಬದಲು ಮಾರಾಟಕ್ಕೆ ದೊರೆಯುತ್ತವೆ. ಆಸೆಯುಳ್ಳವರಿಗೆ ಅದು ನೇರವಾದ ದಾರಿ.

ಇಂತಹ ವಾಹನ ಮನೆಗೆ ಬಂದರೂ ಅದರ ಬಲವನ್ನು ತೋರಿಸಲು ಕಾಡು ತಕ್ಕ ಅಂಗಳವಲ್ಲ. ಬಂಡೀಪುರದ ಮೂಲಕ ಹಾಯುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರ ವರೆಗೆ ವಾಹನ ಸಂಚಾರವನ್ನು 2009ರಲ್ಲಿ ತಡೆದದ್ದು, ವಾಹನಗಳ ಹೊಡೆತಕ್ಕೆ ಕಾಡುಪ್ರಾಣಿಗಳು ಸಾಯುತ್ತಿದ್ದ ಕಾರಣಕ್ಕೆ. 1,454 ಮೀಟರು ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವವರು ಕಾರು, ಜೀಪುಗಳನ್ನು ತಪ್ಪಲಿನಲ್ಲಿಯೇ ನಿಲ್ಲಿಸಿ ಸಾರಿಗೆ ಸಂಸ್ಥೆಯ ಬಸ್ಸು ಹತ್ತಬೇಕು. ಆ ಬಸ್ಸಿಗೆ ಎಳೆತವಿರುವುದು ಹಿಂದಿನ ಚಕ್ರಗಳಲ್ಲಿ ಮಾತ್ರ. ಮಂಜು ಕವಿದ ದಿನವೂ ಅದು ಭಕ್ತರನ್ನು ಮೇಲಕ್ಕೆ ಒಯ್ಯುತ್ತದೆ. ಸಂಜೆಗೆ ಕೆಳಗಿನ ಗೇರಿನಲ್ಲಿ ಗುರುಗುಟ್ಟುತ್ತ, ಅವಸರವಿಲ್ಲದೆ ಎಲ್ಲರನ್ನೂ ಇಳಿಸಿ ತರುತ್ತದೆ.